ರಮಾಮಣಿ ಬರೆದ ಪದ

ಧಾರವಾಡದ ರಮಾಮಣಿಯ ಹಠ ಅಂದರೆ ಕೇಳಬೇಡಿ. ಗಂಡ ಜಯತೀರ್ಥನಿಗೆ ವಿಮಾ ಕಂಪನಿಯಲ್ಲಿ ಕೆಲಸ. ಅವನಿಗೆ ವರ್ಗವಾದಾಗಲೆಲ್ಲ ಗಂಟುಮೂಟೆ ಕಟ್ಟಿ, ಹೋದ ಊರಲ್ಲೆಲ್ಲ ಹೊಸದಾಗಿ ಕೆಲಸ ಹುಡುಕಿದವಳು. ಅಹಮದಾಬಾದಿನಲ್ಲಿ ಮಾತ್ರ ಎರಡು ವರ್ಷ ಮನೆಯಲ್ಲೇ ಕೂತು ತಲೆಕೆಟ್ಟಿತ್ತು. ೨೦೦೩ರಲ್ಲಿ ಅಲ್ಲಿಯ ನವರಂಗಪುರ ಬಡಾವಣೆಯ ಟ್ಯೂಷನ್ ಕ್ಲಾಸೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಾಗ ಹೋದ ಜೀವ ಬಂದಂತಾಯಿತು. ಪಾಠಕ್ಕೆ ಮೊದಲು ದಿನಕ್ಕೊಂದು ಪದ ಬೋರ್ಡಿನ ಮೇಲೆ ಬರೆದು, ಅದು ಹುಟ್ಟಿದ ಕಥೆ ಹೇಳುವುದು ಅವಳ ಪದ್ಧತಿ.

ಮರುವರ್ಷ ಹತ್ತನೇ ತರಗತಿಯ ಫಲಿತಾಂಶ ಬಂದದ್ದೇ ತಡ, ಕ್ಲಾಸಿನ ಬಾಗಿಲ ಮೇಲೆ ಆಳೆತ್ತರದ ಫೋಟೋ ಎದ್ದಿತು. ಶಹರಕ್ಕೇ ಮೊದಲು ಬಂದ ಅಪೂರ್ವಾ, ‘ನಮ್ಮ ವಿದ್ಯಾರ್ಥಿನಿ’. ಎಲ್ಲಿಯ ನಮ್ಮ! ಆ ಹುಡುಗಿ ಪುಕ್ಕಟೆ ಡೆಮೊ ಕ್ಲಾಸಿಗೆ ಒಂದೇ ಒಂದು ಸಂಜೆ ಬಂದು ಕೂತವಳು, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅವಳಿಗೆ ಕಲಿಸಿದವರು ಶಹರದ ಇನ್ನೊಂದು ತುದಿಯ ನರೋಡಾದ ಶಾಲೆಯ ಮೇಷ್ಟ್ರು. ಮಾಲೀಕ ಕಿರೀಟ್‌ಭಾಯಿ ಮಾತ್ರ, ಡೆಮೊಗೆ ಬಂದರೂ ನಮ್ಮವಳೇ, ಎಲ್ಲ ಕ್ಲಾಸಿನವರೂ ಹೀಗೇ ಮಾಡುತ್ತಾರೆ ಅಂದ. ಭಾನುವಾರ ಹೊಸ ಮಕ್ಕಳನ್ನು ಸೇರಿಸಲು ಬರುವ ಪೋಷಕರು ಕೇಳಿದರೆ ನಾನೇ ಕಲಿಸಿದೆ ಅನ್ನಿ, ಆಗದಿದ್ದರೆ ಸೋಮವಾರದಿಂದ ಬರಬೇಡಿ ಎಂದೂ ನಗುನಗುತ್ತಲೇ ಹೇಳಿದ.

ಒಂದು ಮಾತು ತಾನೇ, ಅಂದುಬಿಡು ಎಂದ ಜಯತೀರ್ಥ. ರಮಾಮಣಿ ಅವನ ಹತ್ತಿರ ಮಾತು ಬಿಟ್ಟಳು. ಕೆಲಸ ಹೋದರೆ ಮತ್ತೆ ಅದೇ ನಾಲ್ಕು ಗೋಡೆ. ಹೆದರಿಕೆ ಆಗಿತ್ತು, ಸುಳ್ಳೇಕೆ.

ಭಾನುವಾರ ಕೋಣೆ ತುಂಬಿತ್ತು. ಅಪೂರ್ವಾಗೆ ನೀವೇ ಕಲಿಸಿದ್ದಾ ಎಂದು ಒಬ್ಬ ತಾಯಿ ಕೇಳಿಯೇಬಿಟ್ಟಳು. ರಮಾಮಣಿ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ‘ಚೀಟ್’ ಎಂಬ ಪದ ಬರೆದಳು. ಹಿಂದೆ ಇಂಗ್ಲೆಂಡಿನಲ್ಲಿ ವಾರಸುದಾರರಿಲ್ಲದೆ ಸತ್ತವರ ಜಮೀನು ರಾಜನ ಪಾಲಾಗುತ್ತಿತ್ತಂತೆ. ಅದಕ್ಕೆ ‘ಎಸ್‌ಚೀಟ್’ ಅನ್ನುತ್ತಿದ್ದರು. ಬರಬರುತ್ತ ರಾಜನ ಅಧಿಕಾರಿಗಳು, ವಾರಸುದಾರರು ಕಣ್ಣೆದುರೇ ಇದ್ದರೂ ಜಮೀನು ನುಂಗತೊಡಗಿದರು. ಜನ ರೋಸಿಹೋಗಿ ಆ ಹೆಸರನ್ನೇ ಮೊಟಕು ಮಾಡಿ ಮೋಸಕ್ಕೆ ಇಟ್ಟರು ಎಂದು ಎಂದಿನ ಪಾಠದ ದನಿಯಲ್ಲೇ ವಿವರಿಸಿದಳು.

“ಅಪೂರ್ವಾಳ ಅಂಕಗಳಿಗೂ ವಾರಸುದಾರರಿದ್ದಾರೆ. ಅವರು ನರೋಡಾದ ಮೇಷ್ಟ್ರು. ನಾನಲ್ಲ.”

ಕಿರೀಟ್‌ಭಾಯಿಯ ಮುಖ ಸುಟ್ಟ ಬದನೆಕಾಯಿ ಆಯಿತು. ಚೀಲ ತೆಗೆದುಕೊಂಡು ಹೊರಡಿ ಎಂದ. ರಮಾಮಣಿ ಹೊರಟಳು. ತಂಗಿಯನ್ನು ಸೇರಿಸಲು ಬಂದ ಪ್ರಾರ್ಥನಾ ಬಾಗಿಲ ಹತ್ತಿರ ಕೂತಿದ್ದಳು. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ ಈ ಸಲ ಮೂವತ್ತೆಂಟು ತೆಗೆದು ದಾಟಿದವಳು. ರಮಾಮಣಿ ಅವಳ ಭುಜದ ಮೇಲೆ ಕೈಯಿಟ್ಟು ಮಾಲೀಕನ ಕಡೆ ತಿರುಗಿದಳು.

“ಇವಳಿಗೆ ಕಲಿಸಿದ್ದು ನಾನು. ಹಾಕುವುದಿದ್ದರೆ ಇವಳ ಫೋಟೋ ಹಾಕಿ.”