ಇರಾನಿ ಸಿನಿಮಾ ನೋಡಿ ಮಗಳನ್ನು ಕಳಿಸಿದ ದಿನ

ಪರದೇಶಕ್ಕೆ ಬಂದು ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದ ಆ ವರ್ಷ ನನಗೆ ಇರಾನಿ ಸಿನಿಮಾಗಳ ಹುಚ್ಚು ಹಿಡಿದಿತ್ತು. ಲೈಬ್ರರಿಯಿಂದ ಡಿವಿಡಿ ತಂದು ತಂದು ನೋಡುತ್ತಿದ್ದೆ. ಹೆಚ್ಚಿನವುಗಳಲ್ಲಿ ಮಣ್ಣಿನ ಗೋಡೆಯ ಹಳ್ಳಿ, ಗುಡ್ಡದ ಕಾಲುದಾರಿ, ದೊಡ್ಡವರು ಹೇಳಿದ ಕೆಲಸಕ್ಕೆ ಒಂಟಿಯಾಗಿ ಹೊರಟ ಒಂದು ಮಗು. "ಕಥೇನೇ ಇಲ್ವಲ್ಲೇ ಇದ್ರಲ್ಲಿ" ಎಂದು ಗಂಡ ಆಕಳಿಸುತ್ತಿದ್ದರು. ಏಳು ವರ್ಷದ ಮಗಳು ಮಾತ್ರ ನನ್ನ ತೊಡೆಗೆ ಒರಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಅವಳ ವಯಸ್ಸಿನಲ್ಲಿ ನಾನು ಮಂಡ್ಯದ ಬೀದಿಗಳಲ್ಲಿ ಒಬ್ಬಳೇ ಓಡಾಡಿದವಳು. ಇವಳೋ ಕಾರಿನ ಸೀಟಿಗೆ ಕಟ್ಟಿಸಿಕೊಂಡೇ ಬೆಳೆಯುತ್ತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. "ಮಗೂನ ಒಂಟಿ ಬಿಟ್ರೆ ಇಲ್ಲಿ ಪೊಲೀಸ್ ಬಂದು ಎತ್ಕೊಂಡ್ ಹೋಗ್ತಾರೆ, ಹುಷಾರು" ಎಂದು ಗಂಡ ಊಟಕ್ಕೆ ಕೂತಾಗ ಮಗಳ ಎದುರೇ ಆಗಾಗ ಹೇಳುತ್ತಿದ್ದರು. ಅಂಜುಬುರುಕ ಎಂದು ನಾನು ನಗುತ್ತಿದ್ದೆ.

ನವೆಂಬರಿನ ಒಂದು ದಿನ, ಸಂಜೆ ನಾಲ್ಕಕ್ಕೆ ಸ್ವಲ್ಪ ಮುಂಚೆ, ಡಬ್ಬಿಗೆ ಚಿತ್ರಾನ್ನ ತುಂಬಿ ಅವಳ ಕೈಗಿಟ್ಟೆ. "ಎರಡು ಬಿಲ್ಡಿಂಗ್ ಆಚೆ ನಮ್ಮ ಕನ್ನಡದ ಆಂಟಿ ಮನೆಗೆ ಕೊಟ್ಟು ಬಾ. ನೀನೊಬ್ಳೇ."

"ಬೈ ಮೈಸೆಲ್ಫ್? ಲೈಕ್ ದ ಮೂವಿ?" ಕುಣಿಯುತ್ತಾ ಹೋದಳು.

ಕಾಲು ಗಂಟೆಯಾದರೂ ಬರಲಿಲ್ಲ. ಆಂಟಿಗೆ ಕಾಲ್ ಮಾಡಿದೆ. "ಇಲ್ಲಿಗೆ ಬಂದೇ ಇಲ್ಲ ಕಣ್ರೀ" ಎಂದರು. ಚಪ್ಪಲಿಯನ್ನೂ ಹಾಕದೆ ಓಡಿದೆ. ಎಲ್ಲ ಬಿಲ್ಡಿಂಗುಗಳೂ ಒಂದೇ ಬಣ್ಣ, ಒಂದೇ ಮೆಟ್ಟಿಲು, ಮೇಲೆ ಅಲ್ಲಿನ ಚಳಿಗಾಲದಲ್ಲಿ ನಾಲ್ಕೂಕಾಲಿಗೇ ಕವಿಯುವ ಕತ್ತಲು. ಹೆಸರು ಹಿಡಿದು ಕೂಗಿದೆ. ಒಂದು ಕಿಟಕಿಯ ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ಆ ಸಿನಿಮಾಗಳಲ್ಲಿ ಮಗು ಒಂಟಿಯಾಗಿರುವುದೇ ಇಲ್ಲ ಎಂದು ಆಗ ಹೊಳೆಯಿತು. ತಿರುವಿಗೊಬ್ಬ ಮುದುಕನೋ ಮುದುಕಿಯೋ ಕೂತು, ಯಾರ ಮನೆ ಮಗು ನೀನು ಎಂದು ಕೇಳುತ್ತಾರೆ. ಇಲ್ಲಿ ಕೇಳುವವರು ಯಾರಿದ್ದರು?

ಪೊಲೀಸ್ ಕಾರು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಮಗಳು. ದಾರಿ ತಪ್ಪಿ ಅಳುತ್ತಿದ್ದವಳನ್ನು ಯಾರೋ ಕಿಟಕಿಯಿಂದ ನೋಡಿ ಫೋನ್ ಮಾಡಿದ್ದರಂತೆ. ಅಷ್ಟರಲ್ಲಿ ಗಂಡನೂ ಆಫೀಸಿನಿಂದ ಬಂದಿಳಿದರು. ಪೊಲೀಸಿನವನು ಮಂಡಿಯೂರಿ, ನಿನ್ನನ್ನು ಹೊರಗೆ ಕಳಿಸಿದ್ದು ಯಾರು ಎಂದು ಮೆತ್ತಗೆ ಕೇಳಿದ.

ಮಗಳು ಒಮ್ಮೆ ನನ್ನ ಮುಖ ನೋಡಿದಳು. "ನೋಬಡಿ. ಮಮ್ಮಿ ಡಿಡ್ ನಾಟ್ ನೋ. ಐ ಸ್ನಕ್ ಔಟ್." ಯಾರಿಗೂ ಹೇಳದೆ ತಾನೇ ನುಸುಳಿ ಹೊರಬಂದಳಂತೆ.

ಸುಳ್ಳು ಅವಳ ಬಾಯಲ್ಲಿ ಅಷ್ಟು ಸಲೀಸಾಗಿ ಬಂತು. ಪೊಲೀಸಿನವನು ನನ್ನತ್ತ ತಿರುಗಿದ. ಹೌದೆಂದು ತಲೆಯಾಡಿಸಿದೆ.

ಮನೆಯೊಳಗೆ ಬಂದ ಮೇಲೆ ಗಂಡ ಅವಳ ಬೆನ್ನಿಗೆ ಬಾರಿಸಿದರು, ಅದೇ ಮೊದಲು. ಅವಳು ಅಳಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡನೆಯ ಏಟನ್ನೂ ನೋಡಿದೆ.