ಅಪ್ಪ ವಾಕಿಂಗ್ ಹೋಗದ ಜಾಗ

ನನ್ನ ಮೊದಲ ನಕ್ಷೆ ನೋಡಿ ಗೈಡ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಇದು ಗೀಜಗ ಇರೋ ಜಾಗದ ನಕ್ಷೆನೋ, ನಿಮ್ಮಪ್ಪ ವಾಕಿಂಗ್ ಹೋಗೋ ಜಾಗದ ನಕ್ಷೆನೋ?"

ಮೈಯೆಲ್ಲ ಉರಿದುಹೋಯ್ತು. ಆದರೆ ಮಾತು ನಿಜವಾಗಿತ್ತು. ಬೆಂಗಳೂರಲ್ಲಿ ಗೀಜಗನ ಹಕ್ಕಿ ಎಲ್ಲೆಲ್ಲಿ ಗೂಡು ಕಟ್ಟಬಹುದು ಅಂತ ಲೆಕ್ಕ ಹಾಕಿ ತೋರಿಸೋದು ನನ್ನ ಪಿಎಚ್‌ಡಿಯ ಮುಖ್ಯ ಅಧ್ಯಾಯ. ಅದಕ್ಕೆ ಹಕ್ಕಿ ಕಂಡ ಜಾಗಗಳ ಮಾಹಿತಿ ಬೇಕಲ್ಲ, ಅದನ್ನು ಬಹುಪಾಲು ಫೋನಲ್ಲಿ ದಾಖಲಿಸಿದವರು ನಮ್ಮಪ್ಪ ಮತ್ತು ಜಯನಗರದ ಅವರ ರಿಟೈರ್ಡ್ ಗೆಳೆಯರು. ಅವರು ಹೋಗೋದೇ ನೆರಳಿರೋ, ಹತ್ತಿರದಲ್ಲಿ ಒಳ್ಳೇ ಕಾಫಿ ಸಿಗೋ ಕಡೆಗೆ. ನನ್ನ ಕಂಪ್ಯೂಟರ್ ಮಾಡೆಲ್ ಆ ಜಾಗಗಳನ್ನು ಊರಿನ ಉಳಿದೆಲ್ಲ ಜಾಗಗಳ ಜೊತೆ ಹೋಲಿಸಿ, ಗೀಜಗನಿಗೆ ಪಾರ್ಕು, ಟಾರು ರಸ್ತೆ ಅಂದ್ರೆ ಪ್ರಾಣ ಅಂತ ತೀರ್ಮಾನಿಸಿಬಿಟ್ಟಿತ್ತು.

"ಯಾರೂ ನೋಡಿರದ ಜಾಗದಲ್ಲಿ ಗೂಡಿದೆ ಅಂತ ನಕ್ಷೆ ಮೊದಲು ಹೇಳಲಿ, ಆಮೇಲೆ ಹೋಗಿ ನೋಡಿ. ಸಿಗದಿದ್ರೆ ಈ ಅಧ್ಯಾಯ ಬಿಟ್ಬಿಡಿ," ಅಂದರು ಮೇಡಂ. ಬಿಡೋದಾ? ನಾನಾ?

ಹೋಲಿಕೆಗೆ ಊರೆಲ್ಲ ಬೇಡ, ವಾಕಿಂಗ್‌ನವರು ಕಾಲಿಟ್ಟ ಜಾಗಗಳು ಮಾತ್ರ ಸಾಕು ಅಂತ ಬದಲಾಯಿಸಿದೆ. ಅವರು ಹೋಗಿಯೂ ಗೀಜಗ ಕಾಣದ ಕಡೆ ಏನಿಲ್ಲ, ಕಂಡ ಕಡೆ ಏನಿದೆ? ಪಾರ್ಕು, ರಸ್ತೆ ಎರಡೂ ಕಡೆ ಇದ್ದದ್ದರಿಂದ ಲೆಕ್ಕದಿಂದ ಬಿದ್ದುಹೋದವು. ಉಳಿದದ್ದು ನೀರು, ಉದ್ದ ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ಹೊಸ ನಕ್ಷೆಯಲ್ಲಿ ಕಡುಗೆಂಪಾಗಿ ಎದ್ದು ಕಂಡದ್ದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿ ಹಿಂದಿನ ಒಂದು ನೀರಿನ ಕುಂಟೆ.

"ಅಲ್ಲಿ ಎಂಥ ಗೀಜಗ? ಬರೀ ಕೊಚ್ಚೆ ಕಣಮ್ಮ," ಅಂದರು ಅಪ್ಪ.

"ಹಾಗಾದ್ರೆ ನೀವೇ ಬಂದು ಇಲ್ಲ ಅಂತ ಹೇಳಿ," ಅಂದು ಭಾನುವಾರ ಬೆಳಿಗ್ಗೆ ಅವರನ್ನು ಸ್ಕೂಟರ್ ಹತ್ತಿಸಿಕೊಂಡು ಹೊರಟೆ. ಜೋರಾಗಿದ್ದದ್ದು ಬಾಯಿ ಮಾತ್ರ. ಗೂಡು ಸಿಗದಿದ್ರೆ ಇಷ್ಟು ವರ್ಷದ ಕೆಲಸ ಹಳ್ಳ ಹಿಡೀತಿತ್ತು, ಅದೂ ಅಪ್ಪನ ಕಣ್ಣೆದುರಿಗೆ.

ಕಾಂಪೌಂಡ್ ಗೋಡೆ ಮುಗಿದದ್ದೇ ತಡ, ಮೂಗು ಮುಚ್ಚಿಕೊಳ್ಳೋಂಥ ವಾಸನೆ. ಕುಂಟೆಯ ಸುತ್ತ ಆಳೆತ್ತರದ ಹುಲ್ಲು. ಅದರಾಚೆ ಎರಡು ಈಚಲು ಮರ, ಮರದ ತುಂಬ ಗೂಡು. ಹಳದಿ ತಲೆಯ ಗಂಡುಹಕ್ಕಿಗಳು ಹುಲ್ಲಿನ ಎಳೆ ಕಚ್ಚಿಕೊಂಡು ಬಂದು ನೇಯ್ತಾನೇ ಇದ್ದವು. ನಾನು ಅಲ್ಲೇ ಕುಣಿದೆ. ನಾಚಿಕೆ ಗೀಚಿಕೆ ಏನೂ ಆಗಲಿಲ್ಲ. ಅಪ್ಪ ಕಣ್ಣಿಗೆ ಹಿಡಿದ ಬೈನಾಕ್ಯುಲರ್ ಇಳಿಸದೇ "ಸಖತ್ತಾಗಿದೆ ಕಣಮ್ಮ" ಅಂದರು. ಆ ಮಾತು ಅವರ ಬಾಯಲ್ಲಿ ಅದುವರೆಗೂ ಕೇಳಿರಲಿಲ್ಲ.

ಫೋಟೋ ಕಳಿಸಿದ ಕೂಡಲೇ ಮೇಡಂ ಫೋನ್ ಮಾಡಿದರು, ಸ್ಪೀಕರ್‌ಗೆ ಹಾಕಿದೆ. "ಅಧ್ಯಾಯ ಉಳೀತು ಬಿಡಿ. ಆದ್ರೆ ಆ ವಾಕಿಂಗ್‌ನವರು ಯಾರೂ ಅಲ್ಲಿಗೆ ಬಂದಿರಲಿಲ್ಲ ಅನ್ನೋದು ಖಾತ್ರಿನಾ?"

ನಾನು ಬಾಯಿ ತೆರೆಯೋ ಮೊದಲೇ ಅಪ್ಪ ಫೋನ್ ಕಿತ್ಕೊಂಡರು. "ಖಾತ್ರಿ ಮೇಡಂ. ಇಲ್ಲಿಗೆ ನಾನು ವಾಕಿಂಗ್ ಬಂದಿದ್ದು ಇವತ್ತೇ ಮೊದಲು."