ಬಿಲ್ಲಿನ ಮೇಲಿನ ಹೆಸರು

ಬೀಡಿ ಸುತ್ತಿ ಸುತ್ತಿ ಅಕ್ಕನ ಬೆರಳ ತುದಿಗಳು ಹಳದಿಗಟ್ಟಿದ್ದವು. ಎಷ್ಟು ತೊಳೆದರೂ ತಂಬಾಕಿನ ಘಾಟು ಹೋಗುತ್ತಿರಲಿಲ್ಲ. ಅದೇ ಕೈಯಿಂದ ನನಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೆ ಅವಳಿಗೆ ನಾನು ಮಾಡಿದ್ದನ್ನು ಒಳಗೇ ಇಟ್ಟುಕೊಳ್ಳಲು ಆಗುತ್ತಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ನಿಪ್ಪಾಣಿಯ ಮನೆಯ ಮುಂದಿನ ಖೋಲಿಗಳನ್ನು ಬಾಡಿಗೆಗೆ ಕೊಟ್ಟು ಹಿಂದಿನ ಒಂದರಲ್ಲಿ ಇದ್ದಳು. ಮಕ್ಕಳಿರಲಿಲ್ಲ. ಬಾಡಿಗೆಯವರು ಬದಲಾಗುವ ದಿನ ಹೋಗುವವರನ್ನೂ ಬರುವವರನ್ನೂ ಮೀಟರಿನ ಮುಂದೆ ನಿಲ್ಲಿಸಿ, ಅಂಕಿಯನ್ನು ಇಬ್ಬರಿಂದಲೂ ಗಟ್ಟಿಯಾಗಿ ಓದಿಸುತ್ತಿದ್ದಳು. ಹೊಸಬರಿಗೆ ಮೊದಲ ಕೊಡ ನೀರು ತಾನೇ ತುಂಬಿಕೊಡುತ್ತಿದ್ದಳು. “ನಳಾ ನಸಕಿನ್ಯಾಗ ಬರ್ತೈತಿ. ಹೊತ್ತೇರೂತನಕ ಮಲಗವ್ರಿಗೆ ಈ ಮನಿ ಅಲ್ಲ ನೋಡ್ರಿ,” ಎಂದು ನಗುತ್ತಿದ್ದಳು.

ಕರೆಂಟ್ ಬಿಲ್ಲಿನ ಮೇಲಿದ್ದ ಭಾವನ ಹೆಸರನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸು ಅವಳು. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳೆಂದು ಎಲ್ಲರೂ ಕಾಡಿದಾಗ ಮುಖ ಮುಚ್ಚಿಕೊಂಡು ಒಳಗೆ ಓಡಿದ್ದಳು. ಭಾವ ಹೋದ ಮೇಲೆ ಆ ಹೆಸರು ಕೂಗುವವನು ಉಳಿದದ್ದು ಒಬ್ಬನೇ, ತಿಂಗಳಿಗೊಮ್ಮೆ ಬರುವ ಬಿಲ್ಲಿನವ. ಮಷಿನ್ ನೋಡಿ ಹೆಸರು ಕೂಗಿದರೆ ಅಕ್ಕ ಸೆರಗು ಹೊದ್ದು ಬಾಗಿಲಿಗೆ ಬರುತ್ತಿದ್ದಳು.

“ಹೊರಗ ಹೋಗ್ಯಾರಪಾ. ನನ್ನ ಕೈಯಾಗ ಕೊಡು.”

“ಯಾವಾಗ ಬರ್ತಾರ್ರಿ ಆಯಿ?” ಅವನಿಗೂ ಗೊತ್ತಿತ್ತು.

“ಬಂದ್ರ ನಿನಗ ಚಾ ಕುಡಿಸಿ ಕಳಸ್ತಾರ. ಹೋಗ್ ಈಗ.”

ಕೊಗನೊಳ್ಳಿಯಿಂದ ಬಂದ ಹೊಸ ಬಾಡಿಗೆಯವನು ಹಿಟ್ಟಿನ ಗಿರಣಿ ಹಾಕುತ್ತೇನೆಂದ. ಅಷ್ಟು ಲೋಡ್ ಬೇಕಾದರೆ ಮೊದಲು ಮೀಟರ್ ಬದುಕಿರುವವರ ಹೆಸರಿಗೆ ಆಗಲಿ ಎಂದರು ಕಚೇರಿಯಲ್ಲಿ.

“ಹಂಗಾರ ಗಿರಣಿ ಬ್ಯಾಡ,” ಎಂದಳು ಅಕ್ಕ. “ಬ್ಯಾರೆ ಯಾರರೆ ಬರ್ತಾರ. ಆ ಹೆಸರ ಇರ್ಲಿ ತಮ್ಮಾ.”

ನಾನು ಕೇಳಲಿಲ್ಲ. ಮನೆ ನಾಳೆ ನನಗೇ ಬರುವುದು, ಹೆಸರು ಇಂದೇ ಬಂದರೇನು ಅಂದುಕೊಂಡೆ. “ಹೆಸರ ಹಂಗ ಇರ್ತೈತಿ ಅಕ್ಕಾ, ಗಿರಣಿಗಷ್ಟ ನಿನ್ನ ಸಹಿ ಬೇಕು,” ಎಂದು ಸುಳ್ಳು ಹೇಳಿದೆ. “ನೀ ಅಂದಿ ಅಂದ್ರ ಮುಗೀತು,” ಎಂದು ಓದದೆಯೇ ಸಹಿ ಮಾಡಿದಳು. ಮೀಟರನ್ನು ನನ್ನ ಹೆಸರಿಗೆ ಮಾಡಿಸಿದೆ.

ಮುಂದಿನ ಸಲ ಬಿಲ್ಲಿನವ ಬಂದಾಗ ನಾನೂ ಅಲ್ಲೇ ಇದ್ದೆ. ಅವನು ನನ್ನ ಹೆಸರು ಕೂಗಿದ. ಸೆರಗು ಸರಿಮಾಡಿಕೊಳ್ಳುತ್ತ ಬಂದ ಅಕ್ಕ ಹೊಸ್ತಿಲಲ್ಲೇ ನಿಂತಳು.

“ಯಾರ ಮನಿ ಬಿಲ್ಲೋ ಇದು?”

“ನಿಮ್ಮದರಿ ಆಯಿ. ಹೆಸರ ಬದಲ್ ಆಗೇತಲ್ಲ?”

ಅಕ್ಕ ನನ್ನ ಕಡೆ ನೋಡಲಿಲ್ಲ. ಓಣಿಗೆಲ್ಲ ಕೇಳುವಂತೆ ಭಾವನ ಹೆಸರು ಹೇಳಿದಳು, ಅವನ ತಂದೆಯ ಹೆಸರು, ಅಡ್ಡಹೆಸರು ಸಮೇತ. “ಅವರ ಮನಿ ಇದು,” ಎಂದಳು. ಆಮೇಲೆ ಏನೋ ಬಿದ್ದು ಒಡೆಯಿತೆಂಬಂತೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ನನ್ನನ್ನು ಅವಳು ಬೈಯಲಿಲ್ಲ. ಮೊದಲಿನಂತೆಯೇ ರೊಟ್ಟಿ ಹಾಕಿದಳು. ಬಿಲ್ಲಿಗೆಂದು ಮಾತ್ರ ಮತ್ತೆ ಬಾಗಿಲಿಗೆ ಬರಲಿಲ್ಲ. ಹಳೆಯ ಹೆಸರನ್ನೇ ಮತ್ತೆ ಹಾಕಿಕೊಡಿ ಎಂದು ಕಚೇರಿಗೆ ಹೋದೆ. ಸತ್ತವರ ಹೆಸರಿಗೆ ಬರುವುದಿಲ್ಲ ಎಂದರು. ಆ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು.

ಈಗ ಆ ಮನೆಯಲ್ಲಿ ನಾನಿದ್ದೇನೆ. ಬಿಲ್ಲಿನವ ನನ್ನ ಹೆಸರು ಕೂಗಿದಾಗ ಒಳಗಿದ್ದರೂ ಓಗೊಡಲು ಬಾಯಿ ಬರುವುದಿಲ್ಲ. ಹಿಂದಿನ ಖೋಲಿಯಿಂದ ಯಾರೋ ಹೊಸ್ತಿಲ ತನಕ ಬಂದು, ಹೆಸರು ಕೇಳಿಸಿಕೊಂಡು, ತಿರುಗಿ ಹೋದಂತಾಗುತ್ತದೆ.